ಮುಖದ ಕುಳಿಗೆ ಮಣ್ಣೋ, ಗೊಬ್ಬರವೋ?

ಗುಂಡ್ಲುಪೇಟೆಯ ಬಸ್ ನಿಲ್ದಾಣ. ಮೈಸೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಕಲ್ಲುಬೆಂಚಿನ ಮೇಲೆ ಒಬ್ಬ ತಾಯಿ ಮತ್ತು ಮಗಳು ಕುಳಿತಿದ್ದಾರೆ ಎಂದು ಭಾವಿಸಿ. ಮಗಳು ಪದವಿ ತರಗತಿಯ ಎರಡನೆಯ ವರ್ಷದಲ್ಲಿದ್ದಾಳೆ. ಹೈಸ್ಕೂಲಿನಲ್ಲಿದ್ದಾಗ ಎದ್ದ ಮೊಡವೆಗಳು ಈಗ ಬಹುಪಾಲು ಹೋಗಿವೆ. ಹೋಗುವಾಗ ಎರಡೂ ಕೆನ್ನೆಗಳ ಮೇಲೆ ಸಣ್ಣ ಸಣ್ಣ ಕುಳಿಗಳನ್ನು ಬಿಟ್ಟು ಹೋಗಿವೆ. ಮನೆಯಲ್ಲಿ ಮದುವೆಯ ಮಾತು ಶುರುವಾಗಿದೆ. ನೋಡಲು ಬಂದವರಲ್ಲಿ ಯಾರೋ ಒಬ್ಬರು, 'ಹುಡುಗಿ ಲಕ್ಷಣವಾಗಿದ್ದಾಳೆ, ಮುಖ ಮಾತ್ರ...' ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಆ ಅರ್ಧ ಮಾತೇ ಇವತ್ತು ಇಬ್ಬರನ್ನೂ ಬಸ್ ನಿಲ್ದಾಣಕ್ಕೆ ಕರೆತಂದಿದೆ. ಅರಿಶಿನ ಮಾರಿದ ದುಡ್ಡಿನಲ್ಲಿ ಒಂದಿಷ್ಟು ತಾಯಿಯ ಚೀಲದಲ್ಲಿದೆ.

ಮಗಳ ಮೊಬೈಲಿನಲ್ಲಿ ಎರಡು ಜಾಹೀರಾತುಗಳಿವೆ. 'ನಿಮ್ಮದೇ ರಕ್ತ, ನಿಮ್ಮದೇ ಸೌಂದರ್ಯ. ಅಡ್ಡ ಪರಿಣಾಮವೇ ಇಲ್ಲ' ಎನ್ನುತ್ತದೆ ಒಂದು. 'ಅರ್ಧ ಗಂಟೆಯಲ್ಲಿ ಹೊಸ ಮುಖ' ಎನ್ನುತ್ತದೆ ಇನ್ನೊಂದು. ಮೊದಲನೆಯದು ಪಿ.ಆರ್.ಪಿ., ಅಂದರೆ ಕಿರುತಟ್ಟೆಗಳು ಹೆಚ್ಚಾಗಿರುವ ಪ್ಲಾಸ್ಮಾದ ಚುಚ್ಚುಮದ್ದು. ಎರಡನೆಯದು ಫಿಲ್ಲರ್, ಅಂದರೆ ಚರ್ಮದಡಿ ತುಂಬುವ ಮದ್ದು. ಒಂದು ಕಾಲಕ್ಕೆ ಸಿನಿಮಾ ತಾರೆಯರಿಗಷ್ಟೇ ಮೀಸಲಾಗಿದ್ದ ಈ ಚಿಕಿತ್ಸೆಗಳ ಹೆಸರು ಇಂದು ಗುಂಡ್ಲುಪೇಟೆ, ಚಾಮರಾಜನಗರದ ಕಾಲೇಜು ಹುಡುಗ ಹುಡುಗಿಯರ ಬಾಯಲ್ಲೂ ಇದೆ. ಇವುಗಳಲ್ಲಿ ಯಾವುದು ಒಳ್ಳೆಯದು? ಬಸ್ಸು ಬರುವುದರೊಳಗೆ ಉತ್ತರ ಹುಡುಕಲು ಸಾಧ್ಯವೇ?

ಚರ್ಮವೆಂಬ ಹೊಲ

ಚರ್ಮದಲ್ಲಿ ಹೊರಪದರ ಮತ್ತು ಒಳಪದರ ಎಂಬ ಎರಡು ಪದರಗಳಿರುವುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಮುಖಕ್ಕೆ ತುಂಬಿದ ಆಕಾರ ಕೊಡುವುದರಲ್ಲಿ ಒಳಪದರದ ಪಾತ್ರ ದೊಡ್ಡದು. ಅಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಗಟ್ಟಿ ನಾರುಗಳಿವೆ. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವ ಎಲಾಸ್ಟಿನ್ ನಾರುಗಳಿವೆ. ಇವುಗಳ ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುವ ಹಯಲುರಾನಿಕ್ ಆಮ್ಲವೆಂಬ ಲೋಳೆಯಂಥ ವಸ್ತುವಿದೆ. ಇವೆಲ್ಲವನ್ನೂ ತಯಾರಿಸುವ ಕೆಲಸಗಾರರು ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು.

ಮೊಡವೆ ಕೀವುಗಟ್ಟಿದಾಗ ಸುತ್ತಲಿನ ಕೊಲಾಜೆನ್ ನಾಶವಾಗುತ್ತದೆ. ಗಾಯ ಮಾಯುವಾಗ ದೇಹ ಹೊಸ ಕೊಲಾಜೆನ್ ಕಟ್ಟುತ್ತದೆ ನಿಜ, ಆದರೆ ಕಳೆದುಕೊಂಡಷ್ಟನ್ನು ಕಟ್ಟುವುದಿಲ್ಲ. ಕೊರತೆ ಬಿದ್ದ ಜಾಗವೇ ಕುಳಿ. ವಯಸ್ಸಾದವರ ಮುಖದ ಸುಕ್ಕುಗಳ ಕಥೆಯೂ ಹೆಚ್ಚು ಕಡಿಮೆ ಇದೇ. ವರ್ಷಗಳು ಕಳೆದಂತೆ ಕೊಲಾಜೆನ್ ತೆಳುವಾಗುತ್ತದೆ, ಕೆಳಗಿನ ಕೊಬ್ಬು ಕರಗುತ್ತದೆ.

ಹೊಲದಲ್ಲಿ ಒಂದು ಕಡೆ ತಗ್ಗು ಬಿದ್ದಿದೆ ಎಂದುಕೊಳ್ಳಿ. ರೈತನಿಗೆ ಎರಡು ದಾರಿಗಳಿವೆ. ಕೆರೆಯ ಗೋಡು ತಂದು ತಗ್ಗನ್ನು ತುಂಬಬಹುದು. ಸಂಜೆಯ ಹೊತ್ತಿಗೆ ನೆಲ ಸಮನಾಗುತ್ತದೆ, ಆದರೆ ಮಳೆಗೆ ಆ ಮಣ್ಣು ನಿಧಾನವಾಗಿ ಕೊಚ್ಚಿ ಹೋಗುತ್ತದೆ. ಇಲ್ಲವೇ ಗೊಬ್ಬರ ಹಾಕಿ, ನೆಲವೇ ತನ್ನನ್ನು ಸುಧಾರಿಸಿಕೊಳ್ಳಲಿ ಎಂದು ಕಾಯಬಹುದು. ಇದಕ್ಕೆ ಸಮಯ ಬೇಕು, ಫಲವೂ ಖಚಿತವಲ್ಲ. ಫಿಲ್ಲರ್ ಮೊದಲ ದಾರಿ. ಪಿ.ಆರ್.ಪಿ. ಎರಡನೆಯದು. ಜಾಹೀರಾತುಗಳು ಎರಡನ್ನೂ ಒಂದೇ ಅಂಗಡಿಯ ಎರಡು ಸರಕುಗಳಂತೆ ತೋರಿಸಿದರೂ ಅವು ಮಾಡುವ ಕೆಲಸವೇ ಬೇರೆ ಬೇರೆ.

ತುಂಬುವ ಮದ್ದು

ಮುಖದ ತಗ್ಗು ತುಂಬುವ ಆಸೆ ಹೊಸದಲ್ಲ. 1893ರಲ್ಲೇ ಜರ್ಮನಿಯ ವೈದ್ಯ ನಾಯ್ಬರ್, ರೋಗಿಯ ತೋಳಿನ ಕೊಬ್ಬನ್ನು ತೆಗೆದು ಮುಖದ ಕಲೆಯ ಕೆಳಗೆ ಇಟ್ಟಿದ್ದ. 1899ರ ಹೊತ್ತಿಗೆ ವಿಯೆನ್ನಾದ ಗೆರ್ಸುನಿ ಕರಗಿದ ಪ್ಯಾರಾಫಿನ್ ಮೇಣವನ್ನು ಚುಚ್ಚತೊಡಗಿದ. ಆರಂಭದಲ್ಲಿ ಫಲ ಬೆರಗು ಹುಟ್ಟಿಸಿತು. ಕಾಲ ಕಳೆದಂತೆ ಮೇಣ ಜಾಗ ಬಿಟ್ಟು ಜಾರಿತು, ಗಂಟು ಕಟ್ಟಿತು, ಹುಣ್ಣಾಯಿತು. ಅಂದು ಚಂದ ಕಂಡದ್ದು ಹತ್ತು ವರ್ಷದ ನಂತರ ಏನಾಗುತ್ತದೆ ಎಂದು ಕೇಳಬೇಕೆಂಬ ಪಾಠವನ್ನು ವೈದ್ಯಲೋಕ ಕಲಿತದ್ದು ಹೀಗೆ.

ಇಂದು ಹೆಚ್ಚು ಬಳಕೆಯಲ್ಲಿರುವುದು ಮೇಲೆ ಹೇಳಿದ ಹಯಲುರಾನಿಕ್ ಆಮ್ಲ. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ. ಗಾಜು ಎಂಬರ್ಥದ ಗ್ರೀಕ್ ಪದದಿಂದ ಇದರ ಹೆಸರು ಬಂದಿದೆ. ಮುಂದೆ ಇದನ್ನು ಹುಂಜದ ಜುಟ್ಟಿನಿಂದಲೂ ತೆಗೆದರು. ಈಗ ಬಹುಪಾಲು ಬ್ಯಾಕ್ಟೀರಿಯಾಗಳ ಮೂಲಕ ತಯಾರಾಗುತ್ತದೆ. ಚರ್ಮಕ್ಕೆ ಹಾಕುವ ಇಂಥ ಫಿಲ್ಲರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು.

ನಮ್ಮ ದೇಹದಲ್ಲಿ ಸಹಜವಾಗಿರುವ ಹಯಲುರಾನಿಕ್ ಆಮ್ಲ ಕೆಲವೇ ದಿನಗಳಲ್ಲಿ ಕರಗಿ ಹೊಸದಾಗುತ್ತಿರುತ್ತದೆ. ಆದ್ದರಿಂದ ಫಿಲ್ಲರ್ ತಯಾರಿಸುವಾಗ ಅದರ ಉದ್ದನೆಯ ಅಣುಸರಪಳಿಗಳ ನಡುವೆ ರಾಸಾಯನಿಕ ಅಡ್ಡಕಟ್ಟುಗಳನ್ನು ಹಾಕುತ್ತಾರೆ. ಬಿದಿರಿನ ಎಳೆಗಳನ್ನು ಬಿಡಿಯಾಗಿ ಬಿಟ್ಟರೆ ಚದುರುತ್ತವೆ, ಬುಟ್ಟಿ ಹೆಣೆದರೆ ಬಾಳುತ್ತದೆ, ಅಲ್ಲವೇ? ಹಾಗೆ. ಹೀಗೆ ಹೆಣೆದ ಲೋಳೆ ಸುಮಾರು ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಿಲ್ಲುತ್ತದೆ. ಒಂದು ಸಿರಿಂಜಿನಲ್ಲಿ ಸಾಮಾನ್ಯವಾಗಿ ಇರುವುದು ಒಂದು ಮಿಲಿಲೀಟರ್, ಅಂದರೆ ಟೀ ಚಮಚದ ಐದನೆಯ ಒಂದು ಭಾಗ. ಅಷ್ಟಕ್ಕೇ ಸಾವಿರಾರು ರೂಪಾಯಿ. ಕರಗಿದ ಮೇಲೆ ಮತ್ತೆ ಅಷ್ಟೇ ಖರ್ಚು.

ಇದಕ್ಕೆ ಒಂದು ದೊಡ್ಡ ಅನುಕೂಲವುಂಟು. ಹೆಚ್ಚಾಯಿತು, ಓರೆಯಾಯಿತು ಎಂದರೆ ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಕರಗಿಸಬಹುದು. ಬೇರೆ ಜಾತಿಯ ಫಿಲ್ಲರುಗಳಿಗೆ ಈ ಅನುಕೂಲವಿಲ್ಲ.

ಅಪಾಯವೂ ಅಷ್ಟೇ ದೊಡ್ಡದು. ಲೋಳೆ ಚರ್ಮದಡಿ ಇರಬೇಕು. ಅದು ತಪ್ಪಿ ರಕ್ತನಾಳದೊಳಗೆ ಹೊಕ್ಕರೆ ರಕ್ತದ ಹಾದಿಯನ್ನೇ ಮುಚ್ಚುತ್ತದೆ. ಆ ಭಾಗದ ಚರ್ಮ ಕಪ್ಪಾಗಿ ಸಾಯಬಹುದು. ಮೂಗು, ಹುಬ್ಬುಗಳ ನಡುವೆ ಮತ್ತು ಹಣೆಯ ರಕ್ತನಾಳಗಳು ಕಣ್ಣಿನ ರಕ್ತನಾಳಗಳೊಡನೆ ಸೇರಿಕೊಂಡಿವೆ. ಅಲ್ಲಿ ತಪ್ಪಿದ ಒಂದು ಹನಿ ಹಿಮ್ಮುಖವಾಗಿ ಹರಿದು ಕಣ್ಣನ್ನೇ ಶಾಶ್ವತವಾಗಿ ಕುರುಡು ಮಾಡಿದ ಉದಾಹರಣೆಗಳು ಜಗತ್ತಿನ ಹಲವೆಡೆ ದಾಖಲಾಗಿವೆ. ಇದು ಅಪರೂಪ. ಆದರೆ ಆದಾಗ ನಿಮಿಷಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಮುಖದ ಅಂಗರಚನೆ ಬಲ್ಲ, ಕರಗಿಸುವ ಕಿಣ್ವವನ್ನು ಪಕ್ಕದಲ್ಲೇ ಇಟ್ಟುಕೊಂಡಿರುವ ವೈದ್ಯರ ಕೈಯಲ್ಲಿ ಮಾತ್ರ ಈ ಸೂಜಿ ಇರಬೇಕೆನ್ನುವುದು ಇದಕ್ಕಾಗಿಯೇ.

ಸ್ವಂತ ರಕ್ತದ ಮದ್ದು

ಡೆಂಗಿ ಜ್ವರ ಕಂಡ ಮನೆಯವರಿಗೆ ಪ್ಲೇಟ್‌ಲೆಟ್ ಎಂಬ ಪದವನ್ನು ವಿವರಿಸಬೇಕಾಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ವರ್ಷದಲ್ಲಂತೂ 'ಇವತ್ತು ಎಷ್ಟಿದೆ?' ಎಂಬ ಪ್ರಶ್ನೆ ಆಸ್ಪತ್ರೆಗಳ ಹೊರಗೆಲ್ಲ ಕೇಳಿಬರುತ್ತಿತ್ತು. ಪಠ್ಯಪುಸ್ತಕದ ಕಿರುತಟ್ಟೆಗಳೆಂದರೆ ಇವೇ. ಎಲುಬಿನ ಮಜ್ಜೆಯ ದೈತ್ಯ ಕೋಶಗಳಿಂದ ಉದುರಿದ ಚೂರುಗಳಿವು. ಇವಕ್ಕೆ ಕೋಶಕೇಂದ್ರವಿಲ್ಲ, ಆಯುಸ್ಸು ಏಳರಿಂದ ಹತ್ತು ದಿನ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದಷ್ಟು ಇರುತ್ತವೆ. ರಕ್ತ ಹೆಪ್ಪುಗಟ್ಟಿಸುವಲ್ಲಿ ಇವುಗಳ ಪಾತ್ರವನ್ನು ಇಟಲಿಯ ಜೂಲಿಯೋ ಬಿಟ್ಸೋಜೆರೋ 1882ರಲ್ಲೇ ವಿವರಿಸಿದ್ದ.

ಹೊಲದಲ್ಲಿ ಕುಡುಗೋಲು ತಾಗಿ ಬೆರಳು ಕುಯ್ದಾಗ ಕಿರುತಟ್ಟೆಗಳು ಓಡಿ ಬಂದು ರಕ್ತ ನಿಲ್ಲಿಸುತ್ತವೆ. ಅವುಗಳ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ತಮ್ಮೊಳಗಿನ ಪುಟ್ಟ ಚೀಲಗಳನ್ನು ಒಡೆದು, ಬೆಳವಣಿಗೆಯ ಅಂಶಗಳೆಂಬ ಪ್ರೋಟೀನುಗಳನ್ನು ಗಾಯದ ಮೇಲೆ ಸುರಿಸುತ್ತವೆ. 'ಇಲ್ಲಿ ದುರಸ್ತಿ ಆಗಬೇಕು, ಬನ್ನಿ' ಎಂಬ ಡಂಗುರ ಇದು. ಡಂಗುರ ಕೇಳಿದ ಫೈಬ್ರೋಬ್ಲಾಸ್ಟುಗಳು ಕೊಲಾಜೆನ್ ಹೆಣೆಯತೊಡಗುತ್ತವೆ. ಹೊಸ ರಕ್ತನಾಳಗಳು ಚಿಗುರುತ್ತವೆ. ಗಾಯವಿಲ್ಲದ ಕಡೆಯೂ ಇದೇ ಡಂಗುರ ಹೊಡೆಸಿದರೆ? ಪಿ.ಆರ್.ಪಿ.ಯ ಹಿಂದಿರುವುದು ಇದೇ ಯೋಚನೆ.

ವಿಧಾನ ಸರಳ. ತೋಳಿನಿಂದ ಹತ್ತಿಪ್ಪತ್ತು ಮಿಲಿಲೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿ, ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿಡುತ್ತಾರೆ. ಭಾರವಾದ ಕೆಂಪು ರಕ್ತಕಣಗಳು ತಳ ಸೇರುತ್ತವೆ. ಮೇಲೆ ತಿಳಿಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಎರಡರ ನಡುವಿನ ತೆಳ್ಳನೆಯ ಕೆನೆಯಲ್ಲಿ ಮತ್ತು ಅದರ ಹತ್ತಿರದ ಪ್ಲಾಸ್ಮಾದಲ್ಲಿ ಕಿರುತಟ್ಟೆಗಳು ದಟ್ಟವಾಗಿರುತ್ತವೆ, ರಕ್ತದಲ್ಲಿರುವುದಕ್ಕಿಂತ ಕೆಲವು ಪಟ್ಟು ಹೆಚ್ಚು. ಅದನ್ನು ಹೀರಿಕೊಂಡು ಚರ್ಮಕ್ಕೆ ಚುಚ್ಚುತ್ತಾರೆ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಬಾರಿ. ಫಲ ಕಾಣಲು ವಾರಗಳು, ತಿಂಗಳುಗಳು ಬೇಕು.

ಇದು ಹುಟ್ಟಿದ್ದು ಸೌಂದರ್ಯ ಚಿಕಿತ್ಸೆಗಾಗಿ ಅಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1987ರಲ್ಲಿ ಇಟಲಿಯ ವೈದ್ಯರು ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಳಸಿದ ವರದಿಯಿದೆ. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ದವಡೆಯ ಎಲುಬು ಕಸಿ ಮಾಡುವಾಗ ಬಳಸಿದ ಮೇಲೆ ಹೆಸರಾಯಿತು. ಮೊಣಕಾಲು, ತಲೆಗೂದಲು, ಮುಖ ಇವೆಲ್ಲ ಬಂದದ್ದು ಆಮೇಲೆ.

ಅರ್ಧ ಮುಖದ ಪ್ರಯೋಗ

ಯೋಚನೆ ಚೆನ್ನಾಗಿದೆ. ಆದರೆ ಯೋಚನೆ ಚೆನ್ನಾಗಿದ್ದ ಮಾತ್ರಕ್ಕೆ ಮದ್ದು ಫಲಿಸುತ್ತದೆಯೇ? ಇದನ್ನು ತಿಳಿಯಲು ವಿಜ್ಞಾನಕ್ಕಿರುವುದು ಒಂದೇ ದಾರಿ: ಪ್ರಯೋಗ. 2018ರಲ್ಲಿ ಅಮೆರಿಕದ ಚರ್ಮವೈದ್ಯರು ಪ್ರಕಟಿಸಿದ ಒಂದು ಪ್ರಯೋಗ ಪ್ರತಿ ವಿದ್ಯಾರ್ಥಿಗೂ ಪಾಠದಂತಿದೆ. ಬಿಸಿಲಿನಿಂದ ಮುಪ್ಪಾದ ಚರ್ಮವಿದ್ದ 27 ಜನರನ್ನು ಆರಿಸಿಕೊಂಡರು. ಪ್ರತಿಯೊಬ್ಬರ ಒಂದು ಕೆನ್ನೆಗೆ ಪಿ.ಆರ್.ಪಿ., ಇನ್ನೊಂದು ಕೆನ್ನೆಗೆ ಬರೀ ಉಪ್ಪುನೀರಿನ ಲವಣ ದ್ರಾವಣ. ಯಾವ ಕೆನ್ನೆಗೆ ಯಾವುದು ಎಂಬುದು ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ.

ಆರು ತಿಂಗಳ ನಂತರ ಏನಾಯಿತು? ಚುಚ್ಚಿಸಿಕೊಂಡವರು ಪಿ.ಆರ್.ಪಿ. ಬಿದ್ದ ಕೆನ್ನೆಯ ಚರ್ಮ ಹೆಚ್ಚು ನಯವಾಗಿದೆ ಎಂದರು. ಛಾಯಾಚಿತ್ರ ನೋಡಿ ಅಂಕ ಕೊಟ್ಟ ವೈದ್ಯರಿಗೆ ಮಾತ್ರ ಎರಡು ಕೆನ್ನೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಟ್ಟಿದಾಗ ಏನೋ ಇತ್ತು, ನೋಡಿದಾಗ ಇರಲಿಲ್ಲ. ಪ್ರಯೋಗ ಚಿಕ್ಕದು, ಚುಚ್ಚಿದ್ದೂ ಒಂದೇ ಬಾರಿ. ಹಾಗಾಗಿ ಇದನ್ನೇ ಕೊನೆಯ ತೀರ್ಪು ಎನ್ನಲಾಗದು. ಮೊಡವೆ ಕುಳಿಗಳ ವಿಷಯದಲ್ಲಿ, ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಚಿಕಿತ್ಸೆಯ ಜೊತೆಗೆ ಪಿ.ಆರ್.ಪಿ. ಸೇರಿಸಿದಾಗ ಸ್ವಲ್ಪ ಹೆಚ್ಚಿನ ಫಲ ಕಂಡ ಅಧ್ಯಯನಗಳೂ ಇವೆ. ಆದರೆ ಒಬ್ಬೊಬ್ಬರು ಯಂತ್ರವನ್ನು ಒಂದೊಂದು ವೇಗದಲ್ಲಿ ತಿರುಗಿಸುತ್ತಾರೆ, ಒಂದೊಂದು ಪ್ರಮಾಣದಲ್ಲಿ ಚುಚ್ಚುತ್ತಾರೆ. ಅಡುಗೆಯ ಅಳತೆಯೇ ಮನೆಗೊಂದು ಬಗೆಯಾದರೆ ರುಚಿಯನ್ನು ಹೋಲಿಸುವುದು ಹೇಗೆ?

'ಹಿತ್ತಲ ಗಿಡ ಮದ್ದಲ್ಲ' ಎಂಬುದು ಗಾದೆ. ಮನೆಯಲ್ಲಿರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬ ಅರ್ಥದಲ್ಲಿ ಅದನ್ನು ಹೇಳುತ್ತೇವೆ. ಈ ಜಾಹೀರಾತು ಗಾದೆಯನ್ನು ತಲೆಕೆಳಗು ಮಾಡುತ್ತದೆ. ಹಿತ್ತಲ ಗಿಡ ಆದ್ದರಿಂದಲೇ ಮದ್ದು, ನಿಮ್ಮದೇ ರಕ್ತ ಆದ್ದರಿಂದಲೇ ಫಲ ಎನ್ನುತ್ತದೆ. ವಿಜ್ಞಾನ ಎರಡನ್ನೂ ಒಪ್ಪುವುದಿಲ್ಲ. ಗಿಡ ಹಿತ್ತಲಿನದೋ ಅಂಗಡಿಯದೋ, ಪರೀಕ್ಷಿಸಿ ನೋಡಿ ಎನ್ನುತ್ತದೆ.

ಎರಡನ್ನೂ ತೂಗಿದರೆ

ತಗ್ಗನ್ನು ಕೂಡಲೇ ತುಂಬುವ ಶಕ್ತಿ ಫಿಲ್ಲರಿಗೆ ಇದೆ, ಪಿ.ಆರ್.ಪಿ.ಗೆ ಇಲ್ಲ. ಫಿಲ್ಲರ್ ಏನು ಮಾಡುತ್ತದೆ, ಎಷ್ಟು ಕಾಲ ಇರುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಪಿ.ಆರ್.ಪಿ.ಯ ಪುರಾವೆ ಇನ್ನೂ ಎಳೆಯದು. ಹೊರಗಿನ ವಸ್ತುವಿಗೆ ದೇಹ ಮುನಿಸಿಕೊಳ್ಳುವ ಭಯ ಪಿ.ಆರ್.ಪಿ.ಯಲ್ಲಿ ಬಹಳ ಕಡಿಮೆ, ಫಿಲ್ಲರಿನಲ್ಲಿ ಸ್ವಲ್ಪ ಹೆಚ್ಚು. ನೋವು, ಊತ, ನೀಲಿಗಟ್ಟುವುದು ಎರಡರಲ್ಲೂ ಉಂಟು. ರಕ್ತಸ್ರಾವದ ತೊಂದರೆ ಇರುವವರು, ಕಿರುತಟ್ಟೆಗಳು ಕಡಿಮೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಪಿ.ಆರ್.ಪಿ.ಗೆ ಹೋಗಬಾರದು. ಪಿ.ಆರ್.ಪಿ. ಚುಚ್ಚಿದ ಬಳಿಕ ದೃಷ್ಟಿ ಹೋದ ಬೆರಳೆಣಿಕೆಯ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. 'ಅಡ್ಡ ಪರಿಣಾಮವೇ ಇಲ್ಲ' ಎಂಬ ಮಾತು ಸುಳ್ಳೆಂದು ತೋರಿಸಲು ಇಷ್ಟು ಸಾಕು.

ಹಾಗಾದರೆ ಬೆಂಚಿನ ಮೇಲಿರುವ ಹುಡುಗಿಯ ಕುಳಿಗಳಿಗೆ? ಕುಳಿಗಳಲ್ಲೂ ಬಗೆಗಳಿವೆ. ಕೆನ್ನೆಯ ಚರ್ಮವನ್ನು ಮೆಲ್ಲಗೆ ಎಳೆದಾಗ ಸಮನಾಗುವ ಅಗಲ ಕುಳಿಗಳನ್ನು ಫಿಲ್ಲರ್ ಸ್ವಲ್ಪ ಎತ್ತಬಲ್ಲದು. ಸೂಜಿಯಿಂದ ಚುಚ್ಚಿದಂತಿರುವ ಆಳದ ಕಿರಿದಾದ ಕುಳಿಗಳಿಗೆ ಅದು ಹೇಳಿದ್ದಲ್ಲ. ಮೊಡವೆ ಕುಳಿಗೆಂದೇ ಒಂದು ಫಿಲ್ಲರಿಗೆ ಅಮೆರಿಕ 2014ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟಿತು. ಅದೂ 21 ವರ್ಷ ದಾಟಿದವರಿಗೆ ಮಾತ್ರ. ಇಂಗ್ಲೆಂಡ್ 2021ರ ಅಕ್ಟೋಬರ್‌ನಿಂದ ಹದಿನೆಂಟು ತುಂಬದವರಿಗೆ ಸೌಂದರ್ಯಕ್ಕಾಗಿ ಫಿಲ್ಲರ್ ಚುಚ್ಚುವುದನ್ನು ಕಾನೂನಿನಿಂದಲೇ ನಿಷೇಧಿಸಿದೆ. ಬೆಳೆಯುತ್ತಿರುವ ಮುಖಕ್ಕೆ ಈ ಅವಸರ ಬೇಡ ಎಂಬುದು ಇದರ ಸಾರ.

ಸ್ವಂತ ರಕ್ತ, ಪರರ ಸೂಜಿ

ಮದ್ದಿಗಿಂತ ದೊಡ್ಡ ಪ್ರಶ್ನೆ ಒಂದಿದೆ. ಸೂಜಿ ಹಿಡಿದವರು ಯಾರು? 2018ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಮಹಿಳೆಯೊಬ್ಬರಿಗೆ ಎಚ್.ಐ.ವಿ. ಸೋಂಕು ಇರುವುದು ಪತ್ತೆಯಾಯಿತು. ಸೋಂಕು ತಗಲುವಂಥ ಬೇರೆ ಕಾರಣ ಯಾವುದೂ ಕಾಣಲಿಲ್ಲ. ಅವರು ಮಾಡಿಸಿಕೊಂಡಿದ್ದುದು ತಮ್ಮದೇ ರಕ್ತದ ಪಿ.ಆರ್.ಪಿ.ಯನ್ನು ಸಣ್ಣ ಸೂಜಿಗಳಿಂದ ಮುಖಕ್ಕೆ ಹಾಕುವ ಚಿಕಿತ್ಸೆ. ಅಧಿಕಾರಿಗಳು ಆ ಸೌಂದರ್ಯ ಕೇಂದ್ರಕ್ಕೆ ಹೋದಾಗ ಹೆಸರು ಬರೆಯದ ರಕ್ತದ ನಳಿಕೆಗಳು ಸಿಕ್ಕಿದವು. ಅಡುಗೆಮನೆಯ ಫ್ರಿಜ್ಜಿನಲ್ಲಿ ಆಹಾರದ ಜೊತೆಗೇ ಚುಚ್ಚುಮದ್ದುಗಳಿದ್ದವು. ಒಮ್ಮೆ ಬಳಸಿ ಬಿಸಾಡಬೇಕಾದ ಸಾಮಗ್ರಿಯನ್ನು ಮತ್ತೆ ಬಳಸಿದ ಗುರುತುಗಳಿದ್ದವು. ಕೇಂದ್ರಕ್ಕೆ ಪರವಾನಗಿಯೇ ಇರಲಿಲ್ಲ. ಕನಿಷ್ಠ ಮೂವರು ಮಹಿಳೆಯರಿಗೆ ಸೋಂಕು ಅಲ್ಲಿಂದಲೇ ತಗಲಿರಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಏಪ್ರಿಲ್‌ನಲ್ಲಿ ವರದಿ ಮಾಡಿತು.

ರಕ್ತ ತಮ್ಮದೇ ಎಂದುಕೊಂಡು ಅವರು ಮುಖವೊಡ್ಡಿದ್ದರು. ಆದರೆ ನಳಿಕೆಯ ಮೇಲೆ ಹೆಸರೇ ಇಲ್ಲದಿದ್ದರೆ ಅದು ಯಾರ ರಕ್ತ?

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪ್ರತಿ ಖಾಸಗಿ ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು, ನೋಂದಣಿ ಪತ್ರ ಎದ್ದು ಕಾಣುವಂತೆ ತೂಗುಹಾಕಿರಬೇಕು. ಅದನ್ನು ಓದಲು ಪೋಷಕರು ಸಂಕೋಚಪಡಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆಗಳೂ ಕೆಲವೇ. ಚುಚ್ಚುವವರು ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನರೋ? ಸೂಜಿ, ನಳಿಕೆಗಳ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆಯುತ್ತೀರಾ? ನಳಿಕೆಯ ಮೇಲೆ ಹೆಸರು ಬರೆಯುತ್ತೀರಾ? ಫಿಲ್ಲರ್ ಆದರೆ ಅದರ ಹೆಸರೇನು, ಅವಧಿ ಯಾವಾಗ ಮುಗಿಯುತ್ತದೆ, ಕರಗಿಸುವ ಕಿಣ್ವ ಇಲ್ಲಿದೆಯೇ? ಇವಕ್ಕೆ ಮುಖ ಸಿಂಡರಿಸುವ ಜಾಗದಲ್ಲಿ ಮುಖ ಒಡ್ಡದಿರುವುದೇ ಲೇಸು.

ಬಸ್ಸು ಬರುವ ಹೊತ್ತು

ಮೊಡವೆ ಇನ್ನೂ ಏಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಸೋರುವ ಮಾಡಿನ ಕೆಳಗೆ ಗೋಡೆಗೆ ಸುಣ್ಣ ಹೊಡೆದು ಫಲವೇನು? ಹೊಸ ಕುಳಿಗಳನ್ನು ತಡೆಯಲು ಚಿಕ್ಕ ಖರ್ಚು ಸಾಕು. ಆದ ಕುಳಿಗಳನ್ನು ಮುಚ್ಚಲು ದೊಡ್ಡ ಖರ್ಚು ಬೇಕು. ಮೊಡವೆ ಹಿಂಡದಿರುವುದು, ಔಷಧಿ ಅಂಗಡಿಯಲ್ಲಿ ಹೆಸರು ಹೇಳಿ ತಂದ ಸ್ಟಿರಾಯ್ಡ್ ಮುಲಾಮು ಬಳಿಯದಿರುವುದು, ಶುರುವಿನಲ್ಲೇ ವೈದ್ಯರಿಗೆ ತೋರಿಸುವುದು ಹೈಸ್ಕೂಲಿನ ಪ್ರತಿ ಮಗುವಿಗೂ ತಿಳಿದಿರಬೇಕು. ಹಳೆಯ ಕುಳಿಗಳಿಗೂ ಫಿಲ್ಲರ್, ಪಿ.ಆರ್.ಪಿ. ಎರಡೇ ದಾರಿಯೆಂದಲ್ಲ. ಸಣ್ಣ ಸೂಜಿಗಳ ಚಿಕಿತ್ಸೆ, ಲೇಸರ್, ಕುಳಿಯನ್ನು ಕೆಳಕ್ಕೆಳೆದಿರುವ ನಾರುಗಳನ್ನು ಕತ್ತರಿಸುವ ವಿಧಾನ, ಹೀಗೆ ಹಲವುಂಟು. ಯಾವ ಕುಳಿಗೆ ಯಾವುದು ಎಂದು ಹೇಳುವುದು ಜಾಹೀರಾತಿನ ಕೆಲಸವಲ್ಲ, ಚರ್ಮವೈದ್ಯರ ಕೆಲಸ.

ಅದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಯಡಪುರದ ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಅಲ್ಲಿಯ ಚರ್ಮರೋಗ ವೈದ್ಯರಿಗೆ ಮೊದಲು ತೋರಿಸಿ, ಏನು ಬೇಕು, ಏನು ಬೇಡ ಎಂದು ತಿಳಿದುಕೊಂಡು, ಆಮೇಲೆ ಬೇಕಿದ್ದರೆ ಮೈಸೂರಿನ ದಾರಿ ಹಿಡಿಯಬಹುದು.

ಇನ್ನೊಂದು ಪ್ರಶ್ನೆ ಉಳಿದಿದೆ. ಅದನ್ನು ತಾಯಿ ಮಗಳನ್ನೇ ಕೇಳಬೇಕು. 'ಈ ಕುಳಿ ನಿನಗೆ ಬೇಸರವೋ, ನೋಡಲು ಬಂದವರಿಗೋ?' ಮಗಳಿಗೇ ಬೇಸರವಿದ್ದರೆ ಚಿಕಿತ್ಸೆ ಪಡೆಯುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಬಂದವರಿಗೆ ಮಾತ್ರ ಬೇಸರವಾಗಿದ್ದರೆ, ಅವರು ನುಂಗಿದ ಅರ್ಧ ಮಾತಿಗೆ ಯಾವ ಸಿರಿಂಜಿನಲ್ಲೂ ಮದ್ದಿಲ್ಲ. ಅರಿಶಿನದ ದುಡ್ಡಿಗೆ ಮಗಳ ಓದು ಎಂಬ ಇನ್ನೊಂದು ಖರ್ಚೂ ಕಾದಿರುತ್ತದೆ.

ಮೈಸೂರಿನ ಬಸ್ಸು ಬಂತು. ಕಂಡಕ್ಟರು ಕೂಗಿದರು. ತಾಯಿ ಮಗಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗುವ ಬಸ್ಸು ಬಂತು. ಇಬ್ಬರೂ ಹತ್ತಿ ಕುಳಿತರು ಎಂದು ಭಾವಿಸೋಣ.

ಮಾಡಿ ನೋಡಿ

ಒಂದು ಚಮಚ ಕಾಮಕಸ್ತೂರಿ ಬೀಜವನ್ನು ಅರ್ಧ ಲೋಟ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ. ಪ್ರತಿ ಬೀಜವೂ ನೀರು ಹೀರಿ ಸುತ್ತ ಲೋಳೆ ಕಟ್ಟಿಕೊಂಡು ಉಬ್ಬುತ್ತದೆ. ಬೀಜದ ಹೊರಸಿಪ್ಪೆಯ ಉದ್ದನೆಯ ಸಕ್ಕರೆ ಸರಪಳಿಗಳು ನೀರನ್ನು ಹಿಡಿದಿಡುವುದರಿಂದ ಹೀಗಾಗುತ್ತದೆ. ಹಯಲುರಾನಿಕ್ ಆಮ್ಲವೂ ಇಂಥದೇ ಉದ್ದನೆಯ ಸರಪಳಿ. ಇನ್ನೊಂದು: ಎರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಕೆಸರು ನೀರು ತುಂಬಿ ಬಿಗಿಯಾಗಿ ಮುಚ್ಚಿ. ಒಂದನ್ನು ಹಾಗೇ ಇಡಿ. ಇನ್ನೊಂದರ ಕೊರಳಿಗೆ ಗಟ್ಟಿ ಹಗ್ಗ ಕಟ್ಟಿ, ಯಾರೂ ಇಲ್ಲದ ಬಯಲಿನಲ್ಲಿ ಎರಡು ನಿಮಿಷ ಗಿರಗಿರನೆ ತಿರುಗಿಸಿ. ಯಾವುದರಲ್ಲಿ ಕೆಸರು ಬೇಗ ತಳ ಸೇರಿತು ಎಂದು ಹೋಲಿಸಿ. ಪಿ.ಆರ್.ಪಿ. ತಯಾರಿಸುವ ಯಂತ್ರದ ಕೆಲಸವೂ ಇದೇ. ಹಾಗೇ ಇಟ್ಟ ಆ ಬಾಟಲಿ ಏಕೆ ಬೇಕು ಎಂದೂ ಯೋಚಿಸಿ. ಉಪ್ಪುನೀರು ಚುಚ್ಚಿಸಿಕೊಂಡ ಕೆನ್ನೆ ನೆನಪಾದೀತು.